ಬೆಚ್ಚಗಿದ್ದ ಬಾನೆಟ್ಟು

"ಓದೋದು ಬ್ಯಾರೆ, ಯವಾರ ಬ್ಯಾರೆ. ಯವಾರ ನಿನ್ ಕೈಲಿ ಆಗಾಕಿಲ್ಲ ಕಣವ್ವ" ಅಂದವರು ನಮ್ಮ ಸಿದ್ದಪ್ಪ ಮಾವ, ನನ್ನ ಅವ್ವನ ಅಣ್ಣ. ನಾನು ಡಿಗ್ರಿ ಮುಗಿಸುವುದಿಲ್ಲ ಅಂದವರೂ ಅವರೇ, ಮುಗಿಸಿದ ದಿನ ಕೇರಿಗೆಲ್ಲ ಕಡ್ಲೆಪುರಿ ಹಂಚಿದವರೂ ಅವರೇ. ಹಾಗಾಗಿ ಅವರು 'ಆಗಾಕಿಲ್ಲ' ಎಂದರೆ ನನಗೆ ಒಳಗೊಳಗೇ ಹುರುಪು ಹೆಚ್ಚುತ್ತದೆ.

ಈಗ ತಾನೇ ಹುಣಸೂರು ಬಸ್ ಸ್ಟ್ಯಾಂಡಿನ ಮುಂದೆ ಹಳೆಯ ಡೀಸೆಲ್ ಕಾರೊಂದು ನೀಲಿ ಹೊಗೆ ಬಿಟ್ಟುಕೊಂಡು ಹೋಯಿತು. ಎಚ್.ಡಿ. ಕೋಟೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಮೂಗಿಗೆ ಸೆರಗು, ಕರ್ಚೀಫು ಹಿಡಿದರು. ನಾನೊಬ್ಬಳು ಮಾತ್ರ ಕತ್ತು ಓರೆ ಮಾಡಿ, 'ಎಂಜಿನ್ ರಿಂಗು ಸವೆದಿದೆ ಪಾಪ' ಎಂದುಕೊಂಡೆ. ಈ ವಿದ್ಯೆ ನನಗೆ ಯಾವ ಕಾಲೇಜಿನಲ್ಲೂ ಸಿಕ್ಕಿದ್ದಲ್ಲ. ಹೇಗೆ ಸಿಕ್ಕಿತೆಂದು ಹೇಳುತ್ತೇನೆ ಕೇಳಿ. ಬಸ್ಸು ಹೇಗೂ ತಡವಾಗಿ ಬರುತ್ತದೆ.

ನಮ್ಮ ಊರು ಗಾವಡಗೆರೆ ಕಡೆ. ನಾನು ಹೆಗ್ಗಡದೇವನಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಎಸ್ಸೆಸ್ಸೆಲ್ಸಿ ದಾಟಿದವರಿಲ್ಲ. ಹಾಸ್ಟೆಲ್ಲಿನ ನೀರು ಸಾರು ಉಂಡು, ಪಕ್ಕದ ಮಂಚದವಳ ಪುಸ್ತಕ ಎರವಲು ಪಡೆದು ಓದಿ ದಕ್ಕಿಸಿಕೊಂಡ ಡಿಗ್ರಿ ಅದು. ಅದರ ಬಗ್ಗೆ ನನಗೆ ಜಂಬ ಇದೆ, ಇಲ್ಲವೆಂದರೆ ಸುಳ್ಳಾದೀತು. ದಿನಾ ಎರಡು ಬಸ್ಸು ಬದಲಿಸಿ ಸಾಕಾಗಿ, ಹಳೆಯದಾದರೂ ಒಂದು ಡೀಸೆಲ್ ಕಾರು ತೆಗೆದುಕೊಳ್ಳೋಣವೆಂದು ಹೊರಟೆ. ಮಾವ ತಾವೂ ಬರುತ್ತೇನೆಂದರು. ಬೇಡವೆಂದೆ. ಯವಾರ ಏನೆಂದು ತೋರಿಸಬೇಕಿತ್ತಲ್ಲ.

ಕಾರು ಇದ್ದದ್ದು ಕೆ.ಆರ್. ನಗರದಲ್ಲಿ, ನಿವೃತ್ತ ಲೆಕ್ಚರರ್ ಒಬ್ಬರ ಮನೆಯಲ್ಲಿ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಗಾಜಿನ ಬೀರು, ಬೀರು ತುಂಬ ಪುಸ್ತಕ. ಪಂಚಾಂಗ ಬಿಟ್ಟರೆ ಇನ್ನೊಂದು ಪುಸ್ತಕವಿಲ್ಲದ ಮನೆಯಲ್ಲಿ ಬೆಳೆದವಳು ನಾನು. ಅಂಥ ಬೀರು ಕಂಡರೆ ನನಗೆ ದೇವರ ಮನೆ ಕಂಡಂತೆ, ಚಪ್ಪಲಿ ಇನ್ನೂ ಎರಡಡಿ ಆಚೆ ಬಿಡಬೇಕಿತ್ತು ಅನ್ನಿಸುತ್ತದೆ. ಕಾಫಿ ಕೊಟ್ಟರು. ಸರ್ವಿಸ್ ಮಾಡಿಸಿದ ಬಿಲ್ಲುಗಳನ್ನೆಲ್ಲ ಜೋಡಿಸಿದ್ದ ಫೈಲು ಕೊಟ್ಟರು. ಬಿಲ್ಲಿನ ಅಂಚಿನಲ್ಲಿ ಅವರದೇ ಮುತ್ತಿನಂಥ ಅಕ್ಷರ.

"ನೀವು ಬರ್ತೀರ ಅಂತ ತೊಳೆಸಿ, ಒಂದು ರೌಂಡ್ ಹಾಕ್ಕೊಂಡು ಬಂದು ನಿಲ್ಲಿಸಿದೀನಮ್ಮ" ಎಂದರು.

ಎಂಥ ಉಪಚಾರ ಎಂದುಕೊಂಡೆ. ಕೀ ತಿರುಗಿಸಿದೆ, ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಚಾಸಿ ನಂಬರನ್ನು ದಾಖಲೆಯ ಜೊತೆ ಎರಡೆರಡು ಸಲ ತಾಳೆ ನೋಡಿದೆ, ಮಾರ್ಕ್ಸ್ ಕಾರ್ಡ್ ನೋಡುವ ಹಾಗೆ. ಬಾನೆಟ್ ಎತ್ತಿ, ಒಳಗೆ ಧೂಳಿಲ್ಲ ಎಂದು ಮೆಚ್ಚಿ, ಮುಚ್ಚಿದೆ. ಇಷ್ಟು ಓದಿದವರು ಸುಳ್ಳು ಹೇಳುತ್ತಾರೆಯೇ?

ಮನೆಗೆ ತಂದಾಗ ಮಾವ ಕಾರಿನ ಸುತ್ತ ಒಂದು ಸುತ್ತು ಬಂದು ಕೇಳಿದ್ದು ಒಂದೇ ಪ್ರಶ್ನೆ. "ಎದ್ದೇಳೋದ ನೋಡ್ದಾ?"

"ಏನು ಎದ್ದೇಳೋದು ಮಾವ?"

"ಎತ್ತು ತಗಳೋರು ಒತ್ತಾರೆ ಹೋಯ್ತಾರೆ ಕಣವ್ವ. ಮಲಗಿರೋದು ಎಂಗೆ ಎದ್ದೇಳ್ತದೆ ಅಂತ ನೋಡ್ತಾರೆ. ಎದ್ದು ನಿಂತಿರೋ ಎತ್ತು ಯಾವ್ದಾದ್ರೂ ಚಂದಾಗೇ ಕಾಣ್ತದೆ."

"ಇದು ಎತ್ತಲ್ಲ ಮಾವ, ಕಾರು" ಎಂದು ನಕ್ಕೆ. ಕಾರು ನೋಡಲು ಸೇರಿದ್ದ ಕೇರಿಯ ಮಕ್ಕಳೂ ನಕ್ಕರು.

ಮರುದಿನ ಬೆಳಿಗ್ಗೆ ಕಾರು ಏಳಲಿಲ್ಲ. ಕೀ ತಿರುಗಿಸಿದಷ್ಟೂ ಕ್ರೊಕ್ ಕ್ರೊಕ್ ಎಂದು ನರಳಿತು. ಐದಾರು ಸಲವಾದ ಮೇಲೆ ಬೋಲ್ಟು ತುಂಬಿದ ಡಬ್ಬ ಅಲುಗಿಸಿದ ಸದ್ದಿನೊಂದಿಗೆ ಎದ್ದು, ಹಟ್ಟಿ ತುಂಬ ಹೊಗೆ ಬಿಟ್ಟಿತು. ಕೊಟ್ಟಿಗೆಯ ಹಸು ಹಗ್ಗ ಜಗ್ಗಿತು. ಸ್ವಲ್ಪ ದೂರ ಓಡಿಸಿದರೆ ಏನೂ ಆಗೇ ಇಲ್ಲವೆಂಬಂತೆ ಮೆತ್ತಗಾಯಿತು.

ಹುಣಸೂರಿನಲ್ಲಿ ಮೆಕ್ಯಾನಿಕ್ ಅನ್ವರಣ್ಣ ಎಂಜಿನ್ನಿಗೆ ಆಯಿಲ್ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ, ಅದನ್ನು ಬೋರಲು ಮಾಡಿ ಆ ಬಾಯಿಯ ಮೇಲೆ ಸುಮ್ಮನೆ ಇಟ್ಟರು. "ಸ್ಟಾರ್ಟ್ ಮಾಡಿ ಮೇಡಂ." ಮಾಡಿದೆ. ಅನ್ನ ಕುದಿಯುವಾಗ ತಟ್ಟೆ ಕುಣಿಯುವ ಹಾಗೆ ಮುಚ್ಚಳ ಕುಣಿದು ಹಾರಿ ಕೆಳಗೆ ಬಿತ್ತು.

"ಪಿಸ್ಟನ್ ಸುತ್ತ ರಿಂಗ್ ಇರ್ತದಲ್ಲ, ಸವೆದೋಗಿದೆ. ಒತ್ತಡ ನಿಲ್ತಿಲ್ಲ, ಸಂದಿಯಿಂದ ಸೋರ್ತಿದೆ. ಬಿಸಿ ಆದ್ರೆ ಹಿಗ್ಗಿ ಸಂದಿ ಮುಚ್ಕೋತದೆ. ತಣ್ಣಗಾದ್ರೆ ಮತ್ತೆ ಅದೇ ಕತೆ. ಸದ್ದು ಕೇಳ್ಬಾರ್ದು ಅಂತ ದಪ್ಪ ಆಯಿಲ್ ಬೇರೆ ಸುರಿದವ್ರೆ. ನೀವು ನೋಡ್ದಾಗ ಎಂಜಿನ್ ಬಿಸಿ ಇತ್ತಾ?"

"ತೊಳೆಸಿ, ಒಂದು ರೌಂಡ್ ಹಾಕ್ಕೊಂಡು ಬಂದಿದ್ರು."

"ತೊಳ್ಸಿದ್ದು ಸರಿ. ರೌಂಡ್ ಯಾಕೆ ಹಾಕಿದ್ರು ಅಂತ ಕೇಳ್ಲಿಲ್ವಾ?"

ಬಿಸಿಯಾದ ವಸ್ತು ಹಿಗ್ಗುತ್ತದೆ ಎಂದು ನಾನು ವರ್ಷಾ ವರ್ಷಾ ಗುಂಡು ಮತ್ತು ಬಳೆಯ ಪ್ರಯೋಗ ಮಾಡಿ ಮಕ್ಕಳಿಗೆ ತೋರಿಸುತ್ತೇನೆ. ಗೊತ್ತಿಲ್ಲವೆನ್ನಲು ಬಾಯಿ ಬರಲಿಲ್ಲ. ಲೆಕ್ಚರರಿಗೆ ಫೋನ್ ಮಾಡಿದೆ. "ನಾನು ಪಾಠ ಹೇಳಿದವನಮ್ಮ, ಎಂಜಿನ್ ಒಳಗಿಂದು ನನಗೇನು ಗೊತ್ತು?" ಎಂದರು. ಅಷ್ಟೇ ಮೆತ್ತನೆಯ ದನಿ.

ಹಣ ಹೋದದ್ದಕ್ಕಿಂತ ಮಾವನಿಗೆ ಹೇಳುವುದು ಕಷ್ಟವಾಗಿತ್ತು. "ಏನವ್ವ, ಕೆಮ್ತದೆ?" ಎಂದು ಅವರು ಕೇಳಿದಾಗೆಲ್ಲ "ಚಳಿ ಮಾವ" ಎನ್ನುತ್ತಿದ್ದೆ. ಚಳಿ ಮುಗಿದು ಬಿಸಿಲು ಬಂತು, ಕೆಮ್ಮು ಹಾಗೇ ಇತ್ತು. ಕೊನೆಗೆ ಎಲ್ಲ ಹೇಳಿದೆ. ಎಂಜಿನ್ ಪೂರ್ತಿ ಬಿಚ್ಚಿಸುವ ಶಕ್ತಿ ನನಗಿರಲಿಲ್ಲ, ಮಾರುವುದೇ ಸರಿ ಎಂದಾಯಿತು. ಮಾವ ಬಯ್ಯಲಿಲ್ಲ. "ಅವ್ರು ನಿಂಗೆ ಕಲ್ಸಿದ್ದ ನೀನು ಇನ್ನೊಬ್ರಿಗೆ ಕಲ್ಸು. ಬರೋರು ಬರಕ್ಕೆ ಮುಂಚೆ ಒಂದ್ ರೌಂಡ್ ಓಡಿಸ್ಬುಟ್ಟು ನಿಲ್ಸು" ಎಂದರು.

ಕೊಳ್ಳುವುದಕ್ಕೆ ಬಂದವರು ಕಂಪಲಾಪುರದ ಮಹೇಶ ಎಂಬ ಯುವಕ ಮತ್ತು ಅವನ ಅಕ್ಕ. ತರಕಾರಿ ವ್ಯಾಪಾರದವರು. ಅವತ್ತು ಬೆಳಿಗ್ಗೆ ನಾನು ಎದ್ದು ಕಾರು ತೊಳೆದೆ. ಕೆರೆ ಏರಿಯವರೆಗೆ ಓಡಿಸಿಕೊಂಡೂ ಬಂದೆ. ಹೌದು, ಬಂದೆ. ಫೈಲು ಜೋಡಿಸಿಟ್ಟೆ. ಕಾಫಿಯನ್ನೂ ಕೊಟ್ಟೆ. ಮಹೇಶ ಬಾನೆಟ್ಟಿನ ಕಡೆ ಹೊರಟರೆ ಅವನ ಅಕ್ಕ ತಡೆದಳು.

"ಅದೇನ್ ನೋಡೀಯ ಬುಡ್ಲಾ. ಟೀಚರಮ್ಮನ ಗಾಡಿ. ಓದಿರೋರು ಸುಳ್ಳೇಳ್ತಾರಾ?"

ಜಗಲಿಯ ಮೇಲಿದ್ದ ಮಾವ ನನ್ನ ಮುಖ ನೋಡಲಿಲ್ಲ, ಎಲೆಗೆ ಸುಣ್ಣ ಸವರುತ್ತಿದ್ದರು. ಇಷ್ಟು ವರ್ಷ ಕಷ್ಟಪಟ್ಟು ಓದಿದ್ದು ಈ ಹೆಂಗಸು ಒಂದು ದಿನ ಹೀಗೆ ನಂಬಲಿ ಎಂದೇ ಅಲ್ಲವೇ?

"ಮಹೇಶ, ಬಾನೆಟ್ ಮೇಲೆ ಕೈ ಇಡಿ" ಎಂದೆ.

"ಬೆಚ್ಚಗದೆ ಮೇಡಂ."

"ನೀವು ಬರೋದಕ್ಕೆ ಮುಂಚೆ ಬೇಕೂಂತಲೇ ಓಡಿಸಿದೀನಿ. ಇದರ ಎಂಜಿನ್ ಚೆನ್ನಾಗಿಲ್ಲ. ತಣ್ಣಗಾಗೋವರೆಗೂ ಇದ್ದು, ಊಟ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ ನೋಡಿ. ನನಗೂ ಹೀಗೇ ಆಗಿದ್ದು."

ಅಕ್ಕ ಲೋಟ ಕೆಳಗಿಟ್ಟಳು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮುದ್ದೆ ಉಂಡರು. ಇಳಿಹೊತ್ತಿಗೆ ಕಾರು ಸ್ಟಾರ್ಟ್ ಮಾಡಿ ನರಳುವುದು ಕೇಳಿದರು, ಮುಚ್ಚಳ ಹಾರುವುದನ್ನು ನೋಡಿದರು. ಪಿರಿಯಾಪಟ್ಟಣದ ಲಾರಿ ರಿಪೇರಿ ಶೆಡ್ಡಿನಲ್ಲಿದ್ದ ಭಾವನಿಗೆ ಮಹೇಶ ಫೋನಿನಲ್ಲೇ ಆ ಸದ್ದು ಕೇಳಿಸಿದ. ಭಾವ ಎಂಜಿನ್ ಕೆಲಸ ತಾನೇ ಮಾಡಿಕೊಡುತ್ತೇನೆ, ಬೆಲೆ ಇಳಿಸಿಕೋ ಎಂದನಂತೆ. ನಾನು ಕೊಟ್ಟಿದ್ದಕ್ಕಿಂತ ಬಹಳ ಕಡಿಮೆಗೆ ಒಪ್ಪಿಕೊಂಡೆ. ವಾರದ ನಂತರ ಅವರು ಹಣ ತಂದರು. ಕಾಗದಗಳಿಗೆಲ್ಲ ಸಹಿ ಹಾಕಿ, ನೋಂದಣಿ ಸರ್ಟಿಫಿಕೇಟನ್ನು ಮಹೇಶನ ಅಕ್ಕನ ಕೈಗಿಟ್ಟೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

ಕಾರು ತಿರುವು ದಾಟುವವರೆಗೂ ಮಾವ ನನ್ನ ಪಕ್ಕ ನಿಂತಿದ್ದರು. ಎಲೆ ಉಗಿದು ಬಂದು, ಬಾಯಿ ಒರೆಸಿಕೊಂಡು ಹೇಳಿದರು.

"ಬರೋ ತಿಂಗ್ಳು ನಾನು ಟ್ರ್ಯಾಕ್ಟ್ರು ಮಾರ್ಬೇಕು ಅಂತಿವ್ನಿ. ಅವತ್ತು ನೀನು ಇಸ್ಕೂಲ್ಗೆ ರಜಾ ಹಾಕ್ಬ್ಯಾಡ ಕಣವ್ವ."