ವಾರ್ನಿಶ್ ಹಚ್ಚಿದ ಬೋರ್ಡು

ಕಳೆದ ಸೋಮವಾರ ಅಕ್ಕಿಆಲೂರಿನ ರೈಸ್ ಮಿಲ್ಲಿನಿಂದ ರಿಪೇರಿಗೆ ಬಂದ ಸರ್ಕ್ಯೂಟ್ ಬೋರ್ಡಿನ ಮೇಲೆ ಸೋಲ್ಡರಿಂಗ್ ಐರನ್ ಇಟ್ಟೆ. ಗಪ್ಪನೆ ವಾರ್ನಿಶ್ ವಾಸನೆ ಬಂತು. ಮೋಟರಿನ ಸುರುಳಿಗೆ ಹಚ್ಚುವ, ನನ್ನ ಅಂಗಡಿಯ ಕೆಂಪು ವಾರ್ನಿಶ್. ಅಪ್ಪನ ಕಾಲದಿಂದ ಆ ವಾಸನೆಯಲ್ಲೇ ಬೆಳೆದವಳು ನಾನು, ನೆಗಡಿಯಾದಾಗಲೂ ಗುರುತಿಸುತ್ತೇನೆ. ಆದರೆ ಈ ಬೋರ್ಡನ್ನು ನಾನು ಹಿಂದೆಂದೂ ಮುಟ್ಟಿರಲಿಲ್ಲ. ಹಾಗಾದರೆ ಹಚ್ಚಿದವರು... ಐರನ್ ಕೆಳಗಿಟ್ಟೆ.

ಸವಣೂರಿನಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಪಕ್ಕದ ಮಳಿಗೆ, ನಾನು ಚಾಚಾ ಎಂದು ಕರೆಯುತ್ತಿದ್ದ ಹಿರಿಯರದಾಗಿತ್ತು. ಇನ್ವರ್ಟರು, ಸೋಲಾರ್ ಪಂಪಿನ ಡಬ್ಬಿ, ಮಿಲ್ಲುಗಳ ಡ್ರೈವು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದರು. ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಚಹಾ ಬಂದರೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರು. ಬೋರ್ಡಿಗೆ ಹೊಸ ಐಸಿ ಚಿಪ್ಪು ತರಿಸಿದರೆ ಥಿನ್ನರಿನಲ್ಲಿ ಅದ್ದಿದ ಅರಿವೆಯಿಂದ, ನನಗೂ ತೋರಿಸುತ್ತ, ಅದರ ತಲೆ ಉಜ್ಜುತ್ತಿದ್ದರು. ಮೇಲಿನ ಅಕ್ಷರ ಅಳಿಸಿಹೋದರೆ ಅದು ಹಳೆಯ ಮಾಲಿಗೆ ಹೊಸ ಹೆಸರು ಬರೆದದ್ದು, ಸೀದಾ ಕಸದ ಡಬ್ಬಿಗೆ. ನಿಕಾಹ್ ದಿನ ಚಾಚಿಗೂ ಥಿನ್ನರ್ ಹಚ್ಚಿ ನೋಡಿರಬೇಕು ನೀವು, ಎಂದು ನಾನು ಛೇಡಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ. "ಯಾರ್ ಹೇಳಿದ್ರು ನಿನಗ?" ಎಂದು ಕೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅಕ್ಕಿಆಲೂರಿನ ಆ ಮಿಲ್ಲಿನ ಡ್ರೈವು ಮೇಲಿಂದ ಮೇಲೆ ಸುಡತೊಡಗಿತು. ಡ್ರೈವೆಂದರೆ ದೊಡ್ಡ ಮೋಟರಿನ ವೇಗ ಹಿಡಿಯುವ ಪೆಟ್ಟಿಗೆ. ಅದರೊಳಗೆ ಭಾರೀ ಕರೆಂಟು ಹರಿಸುವ ಸ್ವಿಚ್ಚುಗಳಿರುತ್ತವೆ, ಅವುಗಳಿಗೆ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹುಕುಂ ಕೊಡುವ ಗೇಟ್ ಡ್ರೈವರ್ ಚಿಪ್ಪು ಮಾತ್ರ ಉಗುರಿನಷ್ಟು. ಪ್ರತಿ ಸಲ ಸುಡುತ್ತಿದ್ದದ್ದು ಅದೇ ಚಿಪ್ಪು. ಚಾಚಾ ಹೊಸದು ಹಾಕಿ ಕಳಿಸುತ್ತಿದ್ದರು, ಮುಂದಿನ ತಿಂಗಳು ಅಮಾವಾಸ್ಯೆ ಕಳೆಯುತ್ತಲೇ ಮತ್ತೆ ಬರುತ್ತಿತ್ತು.

ಮಿಲ್ಲಿನ ಸಾಹುಕಾರರಿಗೆ ಯಾರೋ ಬೇಕೆಂದೇ ಸುಡುತ್ತಿದ್ದಾರೆ ಎಂಬ ಸಂಶಯ ಹತ್ತಿತು. ಆ ಮಿಲ್ಲಿನ ಆಪರೇಟರ್ ನನ್ನ ಸ್ವಂತ ಅಣ್ಣ. ಇನ್ನೊಮ್ಮೆ ಸುಟ್ಟರೆ ಕೆಲಸ ಬಿಟ್ಟು ಹೊರಡು ಎಂದು ಸಾಹುಕಾರರು ಅವನಿಗೆ ಎಲ್ಲರೆದುರು ಹೇಳಿದ್ದರು. ಆ ಕೆಲಸ ಬಿಟ್ಟರೆ ಅವನ ಮನೆಗೆ ಬೇರೆ ಆಸರೆ ಇರಲಿಲ್ಲ.

"ಸುಟ್ಟ ಚಿಪ್ಪು ಬರೇ ಹೆಣ, ಬೇಟಿ," ಎನ್ನುತ್ತಿದ್ದರು ಚಾಚಾ. "ಕೊಂದಾಂವ ಬ್ಯಾರೇನ ಇರ್ತಾನ."

ಚಿಪ್ಪಿಗೆ ಬರುವ ಸಪ್ಲೈ ನೋಡಿದರು, ದೊಡ್ಡ ಸ್ವಿಚ್ಚುಗಳನ್ನು ಬಿಚ್ಚಿ ಮೀಟರ್ ಹಿಡಿದರು, ಹತ್ತಿರದ ಕೆಪಾಸಿಟರ್ ಬದಲಿಸಿದರು, ವೈರುಗಳನ್ನು ಗಿಡ್ಡ ಮಾಡಿದರು. ಪೊಲೀಸರು ಓಣಿಯ ಮನೆಗಳನ್ನು ತಡಕಿದಂತೆ. ಎಲ್ಲವೂ ನಿರ್ದೋಷಿ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ನಿಂತರು.

"ನಿಮ್ಮಣ್ಣಗ ಸಾವ್ಕಾರ್ರ ಮ್ಯಾಲೆ ಸಿಟ್ಟೇನರ ಐತೇನು?"

"ಏನ್ ಮಾತಾಡಾಕತ್ತೀರಿ ಚಾಚಾ?"

"ಕೇಳಾಕತ್ತೇನಿ, ಅಷ್ಟ. ಆ ಪೆಟ್ಟಿಗಿ ಕೀಲಿ ಯಾರ ಕಡೆ ಇರ್ತೈತಿ?"

ಕೀಲಿ ಅಣ್ಣನ ಸೊಂಟದ ಉಡದಾರದಲ್ಲಿರುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ನನಗೆ ಮೈಯೆಲ್ಲ ಉರಿದು ಹೋಯಿತು. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ. ಅಮಾವಾಸ್ಯೆಯ ದಿನ ಅವರು ಯಾರಿಗೂ ಹೇಳದೆ ಅಕ್ಕಿಆಲೂರಿಗೆ ಹೋಗುವ ಹಾನಗಲ್ ಬಸ್ಸು ಹತ್ತಿದ್ದನ್ನು ನೋಡಿದೆ. ಅಣ್ಣನನ್ನು ಹಿಡಿಯಲು ಹೊರಟಿದ್ದಾರೆ ಎಂದುಕೊಂಡೆ. ಸಂಜೆ ಮಿಲ್ಲಿನ ಬೋರ್ಡು ಬಿಚ್ಚಿಕೊಂಡು ಬಂದವರೇ ನನ್ನ ಬಾಗಿಲಲ್ಲಿ ಖಾಲಿ ಬಾಟಲಿ ಹಿಡಿದು ನಿಂತು "ಸ್ವಲ್ಪ ವಾರ್ನಿಶ್ ಕೊಡು" ಎಂದರು. ಮಾತಿಲ್ಲದೆ ಕೊಟ್ಟೆ. ಬೋರ್ಡಿನ ಕೆಲಸದವರಿಗೆ ಮೋಟರಿನ ವಾರ್ನಿಶ್ ಯಾಕೆ, ಏನನ್ನು ಮುಚ್ಚಿಹಾಕಲು ಹೊರಟಿದ್ದಾರೆ ಎಂಬ ಸಂಶಯ ಮಾತ್ರ ಹೋಗಲಿಲ್ಲ.

ಮರುದಿನ ಸಾಹುಕಾರರು ಬಂದರು. ನಾನು ಕಿವಿ ನಿಮಿರಿಸಿ ಕುಳಿತಿದ್ದೆ.

"ತಪ್ಪು ನಂದರೀ ಸಾವ್ಕಾರ್ರ," ಎಂದರು ಚಾಚಾ. "ನನ್ನ ಬೆಸುಗಿ ಕಚ್ಚಾ ಇತ್ತು. ಆಪರೇಟರ್‌ಂದು ಏನೂ ಇಲ್ಲ. ಇನ್ನ ಸುಡಂಗಿಲ್ಲ ಅದು."

ಸಾಹುಕಾರರು ನಡುಬಜಾರಿನಲ್ಲಿ ಅವರಿಗೆ ಬಾಯಿಗೆ ಬಂದಂತೆ ಬೈದರು. ಚಾಚಾ ತಲೆ ತಗ್ಗಿಸಿ ಬೋರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ಆಮೇಲೆ ಅಕ್ಕಿಆಲೂರಿನ ಕಡೆಯ ಯಾವ ಮಿಲ್ಲಿನವರೂ ಅವರ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಣ್ಣನ ಕೆಲಸ ಉಳಿಯಿತು. ನನಗೆ ಒಳಗೊಳಗೆ ಖುಷಿಯೇ ಆಗಿತ್ತು. ನಮ್ಮ ಮಾತುಕತೆ ಮತ್ತೆ ಶುರುವಾಯಿತು, ಆದರೆ ಹೊಸ ಚಿಪ್ಪಿನ ತಲೆ ಉಜ್ಜುವಾಗ ನನಗೆ ತೋರಿಸುವುದನ್ನು ಅವರು ಬಿಟ್ಟರು... ಈಗ ಅವರಿಲ್ಲ. ಆ ಮಳಿಗೆಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಅವರನ್ನು ನೋಡಿ ಕಲಿತ ಸಣ್ಣಪುಟ್ಟ ಬೋರ್ಡಿನ ಕೆಲಸ ನಾನೇ ಮಾಡುತ್ತೇನೆ.

ಸೋಮವಾರ ಬಂದ ಆ ಬೋರ್ಡಿನಲ್ಲಿ ಈ ಸಲ ಕೆಟ್ಟದ್ದು ಅದನ್ನು ತಣ್ಣಗಿಡುವ ಫ್ಯಾನಿನ ಒಂದು ವೈರು, ಅಷ್ಟೇ. ಚಿಪ್ಪು ಗಟ್ಟಿಯಾಗಿತ್ತು. ಅದರ ಮೇಲೆ, ಸುತ್ತಲೂ, ಕಾಲುಗಳ ಸಂದಿಯಲ್ಲೂ ನನ್ನ ವಾರ್ನಿಶ್. ಬೆಸುಗೆ ಕಚ್ಚಾ ಇದ್ದರೆ ಮತ್ತೆ ಬೆಸೆದರೆ ಮುಗಿಯಿತು. ವಾರ್ನಿಶ್ ಹಚ್ಚುವುದು ಮೇಲಿಂದ ಏನಾದರೂ ಬೀಳುತ್ತದೆ ಎಂಬ ಅನುಮಾನ ಇದ್ದಾಗ. ಅಣ್ಣನಿಗೆ ಫೋನ್ ಹಚ್ಚಿ, ಅವತ್ತು ಅಮಾವಾಸ್ಯೆಗೆ ಚಾಚಾ ಏನು ನೋಡಿದರು ಎಂದು ಕೇಳಿದೆ. ಅವನು ಮಿಲ್ಲಿನಿಂದ ಹೊರಗೆ ಬಂದು ದನಿ ತಗ್ಗಿಸಿದ.

"ಅಮಾಸಿ ಪೂಜಾಕ್ಕ ಪೆಟ್ಟಿಗಿ ಬಾಗಲಾ ತೆಗದು, ಒಳಗ ಹಸಿ ಅರಿವೀಲೆ ಒರೆಸಿ, ವಿಭೂತಿ ಕಲಸಿ ಹಚ್ಚತಿದ್ದೆ. ಆ ಚಿಪ್ಪು ಪಾಪ ಮ್ಯಾಲಿಂದ ಮ್ಯಾಲೆ ಸಾಯ್ತಿತ್ತಲ್ಲ, ಅದಕ್ಕ ಇನ್ನೊಂಚೂರು ಜಾಸ್ತಿ ಹಚ್ಚತಿದ್ದೆ."

ಹಸಿ ವಿಭೂತಿ ಚಿಪ್ಪಿನ ಕಾಲುಗಳ ನಡುವೆ ಇಳಿದರೆ ಹೋಗಬಾರದ ಕಡೆ ಕರೆಂಟು ಹೋಗುತ್ತದೆ. ಕೊಂದವನು ನಮ್ಮಣ್ಣನೇ, ಭಕ್ತಿಯಿಂದ ಕೊಂದಿದ್ದ.

"ಚಾಚಾ ಪೂಜಾ ಮುಗಿಯೂತನಾ ನಿಂತ್ರು. ಆಮ್ಯಾಲೆ ಆಜೂಬಾಜೂ ನೋಡಿ, ಇನ್ನ ಮುಂದ ಬಾಗಲಾ ಹಾಕಿ ಹೊರಗ ಹಚ್ಚು ಅಂದ್ರು. ಸಾವ್ಕಾರ್ರಿಗೆ ಗೊತ್ತಾದ್ರ ನಿನ್ನ ಕೆಲಸಾ ಹೋಗ್ತೈತಿ, ಯಾರ ಮುಂದೂ ಬಾಯಿ ಬಿಡಬ್ಯಾಡ, ತಂಗಿ ಮುಂದಂತೂ ಬ್ಯಾಡ ಅಂದ್ರು."

"ನನಗ್ಯಾಕ ಬ್ಯಾಡ?"

"ನಿನ್ನ ಬಾಯಿ ಮ್ಯಾಲೆ ಅವ್ರಿಗೆ ಅನುಮಾನ ಇತ್ತು."

ನಗು ಬಂತು. ನಗುತ್ತಲೇ ಅಳುವೂ ಬಂತು, ತಡೆಯಲಾಗಲಿಲ್ಲ.

ನಿನ್ನೆ ಬೋರ್ಡು ಒಯ್ಯಲು ಸಾಹುಕಾರರೇ ಬಂದಿದ್ದರು. ಏನಾಗಿತ್ತೆಂದು ಕೇಳಿದರು. ಫ್ಯಾನಿನ ವೈರು ಬಿಟ್ಟಿತ್ರಿ, ಚಿಪ್ಪು ಗಟ್ಟಿ ಐತ್ರಿ ಎಂದೆ. ಅವರು ಪಕ್ಕದ ಮಳಿಗೆಯ ಕಡೆ ಒಮ್ಮೆ ನೋಡಿದರು.

"ಮೊದ್ಲ ಇಲ್ಲೊಬ್ಬಾಂವ ಇದ್ದ ನೋಡ್ರಿ. ಅವನ ಕಚ್ಚಾ ಕೆಲಸದಿಂದ ಆ ವರ್ಷ ಭಾಳ ತ್ರಾಸ ಆತು ನಮಗ. ಹೌದಲ್ರೀ?"

ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಅಣ್ಣ ಈಗಲೂ ಅದೇ ಮಿಲ್ಲಿನಲ್ಲಿದ್ದಾನೆ, ಅದೇ ಕೀಲಿ ಅವನ ಉಡದಾರದಲ್ಲಿದೆ.

"ಹೌದ್ರಿ," ಎಂದೆ.

ನನ್ನ ಬಾಯಿಯ ಮೇಲೆ ಚಾಚಾ ಅವರಿಗಿದ್ದ ಅನುಮಾನ ಇದೊಂದು ಸಲ ಸುಳ್ಳಾಯಿತು. ಅದನ್ನು ಅವರಿಗೆ ಹೇಳಬೇಕಿತ್ತು...