ಅತ್ತೆಯ ಸವತಿ

ನಮ್ಮ ಅತ್ತೆ ಲಾಡ್ಜಿಗೆ ಇಟ್ಟಿದ್ದ ಹೆಸರು ಸವತಿ. "ಇವತ್ತು ಎರಡನೇ ಶನಿವಾರ. ನಿನ್ನ ಮಾವ ಸವತಿ ಮನೆಗೆ ಹೋಗಿದ್ದಾರೆ, ಊಟಕ್ಕೆ ಕಾಯಬೇಡ" ಎಂದು ಅವರು ಸಲೀಸಾಗಿ ಹೇಳಿದಾಗ, ಮದುವೆಯಾಗಿ ವಾರವೂ ತುಂಬದಿದ್ದ ನಾನು ಗಾಬರಿಯಿಂದ ಗಂಡನ ಮುಖ ನೋಡಿದ್ದೆ. ಅವರು ನಗು ತಡೆದುಕೊಂಡು, "ಫ್ರೀಮೇಸನ್ ಲಾಡ್ಜು ಕಣೇ. ರೂಮು ಬಾಡಿಗೆಗೆ ಕೊಡೋ ಲಾಡ್ಜಲ್ಲ" ಎಂದರು.

ಅಂಚೆ ಕಚೇರಿಯ ಹಿಂದೆ, ಎರಡಂತಸ್ತಿನ ಹಳೆಯ ಕಟ್ಟಡ ಅದು. ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಕೈವಾರ ಮತ್ತು ಮೂಲೆಮಟ್ಟ, ಅವರ ಸಂಘದ ಗುರುತು. ಕಿಟಕಿಗಳು ಯಾವಾಗಲೂ ಮುಚ್ಚಿಯೇ ಇರುತ್ತಿದ್ದವು. ಒಳಗೆ ಗಂಡಸರಿಗಷ್ಟೇ ಪ್ರವೇಶ. ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುತ್ತಿದ್ದರು, ಒಳಗೆ ನಡೆದದ್ದನ್ನು ಹೊರಗೆ ಆಡುತ್ತಿರಲಿಲ್ಲ. ಆಸ್ಪತ್ರೆಗೆ ಮಂಚ, ಶಾಲೆಗೆ ಬೆಂಚು ಕೊಟ್ಟವರು ಅವರೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವರು ಸದ್ದಿಲ್ಲದೆ ಕೊಡುತ್ತಿದ್ದದ್ದೂ ಇತ್ತು. ಅತ್ತೆಯ ಹೊಟ್ಟೆಗೆ ಕಿಚ್ಚು ಬಿದ್ದದ್ದು ಅದರಿಂದ. ನಾನು ಆ ಮನೆಗೆ ಬರುವ ಮೊದಲು ನಡೆದ ಸಂಗತಿ ಇದು. ಅತ್ತೆಯೇ ನನಗೆ ಸೊಪ್ಪು ಬಿಡಿಸುತ್ತಾ, ಬಟ್ಟೆ ಮಡಿಸುತ್ತಾ, ಒಂದೊಂದು ಸಲಕ್ಕೆ ಒಂದಿಷ್ಟರಂತೆ ಹೇಳಿದ್ದು.

ಅತ್ತೆ ಮೆಡಿಕಲ್ ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. ಬಡಾವಣೆಯವರ ಬಾಯಲ್ಲಿ ಅವರು ಮಾತ್ರೆಯಮ್ಮ. ಕೋಳಿ ಕೆದರಿದಂತಿರುವ ಡಾಕ್ಟರ ಬರಹವನ್ನೂ ಕನ್ನಡಕ ಹಾಕದೆ ಓದುತ್ತಿದ್ದರು. ಮಾವನದು ಬೀಗ ರಿಪೇರಿ, ಕೀಲಿಕೈ ಮಾಡುವ ಕೆಲಸ. ಬಸ್ ನಿಲ್ದಾಣದ ಪಕ್ಕ, ಕೈ ಚಾಚಿದರೆ ಎರಡೂ ಗೋಡೆ ತಾಕುವಷ್ಟು ಅಂಗಡಿ. ಮಾತು ಬಲು ಕಡಿಮೆ. ಲಾಡ್ಜಿನ ಕಬ್ಬಿಣದ ಬೀರುವಿನ ಕೀಲಿಕೈ ಕಳೆದಾಗ ಇವರನ್ನು ಕರೆಸಿದ್ದರಂತೆ. ಮಾವ ಬೀಗ ತೆಗೆದವರೇ, ಬೀರುವಿನ ಒಳಗೆ ಏನಿದೆ ಎಂದು ಕಣ್ಣೆತ್ತಿಯೂ ನೋಡದೆ ಸಾಮಾನು ಕಟ್ಟಿಕೊಂಡು ಹೊರಟರು. ಲಾಡ್ಜಿನ ಹಿರಿಯರಾಗಿದ್ದ ಹಲ್ಲಿನ ಡಾಕ್ಟರು ಅದನ್ನು ಗಮನಿಸಿದರು. ಎರಡು ವರ್ಷದ ಮೇಲೆ ಅವರೇ ಅಂಗಡಿಗೆ ಬಂದು, "ನಮ್ಮ ಜೊತೆ ಸೇರ್ತೀರಾ?" ಎಂದು ಕೇಳಿದರು.

ಹೊಸಬರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಸದಸ್ಯರು ಪೆಟ್ಟಿಗೆಗೆ ಬಿಳಿಯ ಗುಂಡೋ ಕರಿಯ ಗುಂಡೋ ಹಾಕುತ್ತಾರೆ. ಮಾವನ ಹೆಸರಿಗೆ ಬಿದ್ದದ್ದೆಲ್ಲ ಬಿಳಿ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು ಎನ್ನುತ್ತಿದ್ದರು ಅತ್ತೆ. "ನಮ್ಮ ಮದುವೆ ದಿನ ನಿಮ್ಮ ಮುಖ ಇಷ್ಟು ಅರಳಿರಲಿಲ್ಲ" ಎಂದು ಅವತ್ತೇ ಚುಚ್ಚಿದ್ದರಂತೆ. ಸವತಿ ಎಂಬ ಹೆಸರು ಬಿದ್ದದ್ದೂ ಅವತ್ತೇ.

ಕೆಲವು ವರ್ಷಗಳ ನಂತರ ಲಾಡ್ಜು ಮಾವನಿಗೆ ನೆರವಿನ ಕೆಲಸ ವಹಿಸಿತು. ಕಾಯಿಲೆ ಬಿದ್ದ ಸದಸ್ಯರು, ತೀರಿಕೊಂಡ ಸದಸ್ಯರ ಹೆಂಡತಿ ಮಕ್ಕಳು, ಇವರ ಮನೆಗಳಿಗೆ ಹೋಗಿ ಬೇಕಾದದ್ದನ್ನು ತಲುಪಿಸುವುದು, ಕೂತು ನಾಲ್ಕು ಮಾತಾಡಿ ಬರುವುದು. ಯಾರಿಗೆ ಕೊಡುತ್ತೇವೆ ಎಂಬುದು ಮಾವನಿಗೂ ಹಲ್ಲಿನ ಡಾಕ್ಟರಿಗೂ ಬಿಟ್ಟರೆ ಲಾಡ್ಜಿನೊಳಗೂ ಯಾರಿಗೂ ಗೊತ್ತಾಗಬಾರದು. ಪಡೆದವರು ತಲೆ ತಗ್ಗಿಸುವಂತಾಗಬಾರದಲ್ಲ. ಅಷ್ಟನ್ನು ಮಾವ ಮನೆಯಲ್ಲಿ ಹೇಳಿದ್ದರು. ಅಲ್ಲಿಂದಾಚೆ ಬಾಯಿಗೆ ಬೀಗ.

ಅತ್ತೆ ಅದನ್ನೂ ಸಹಿಸಿಕೊಂಡಿದ್ದರು. ಆದರೆ ಒಂದು ವರ್ಷ ಗುರುವಾರಗಳ ರೀತಿಯೇ ಬದಲಾಯಿತು. ನಾಲ್ಕು ಗಂಟೆಗೇ ಮಾವ ಅಂಗಡಿ ಮುಚ್ಚುತ್ತಿದ್ದರು. ಬೆಳಿಗ್ಗೆ ಗಡ್ಡ ಮಾಡಿಕೊಂಡಿದ್ದರೂ ಇನ್ನೊಮ್ಮೆ ಮಾಡಿಕೊಳ್ಳುತ್ತಿದ್ದರು. ಒಂದು ಗುರುವಾರ ಅಂಗಿಯ ಕಿತ್ತುಹೋಗಿದ್ದ ಗುಂಡಿ ನೀಲಿ ದಾರದಲ್ಲಿ ಹೊಲಿದುಕೊಂಡು ವಾಪಸು ಬಂತು. ಅತ್ತೆಯ ಹೊಲಿಗೆ ಡಬ್ಬಿಯಲ್ಲಿ ನೀಲಿ ದಾರವೇ ಇರಲಿಲ್ಲ. ಇದಾದ ಮೇಲೆ ಮೆಡಿಕಲ್ ಶಾಪಿನ ಸಹೋದ್ಯೋಗಿ ಒಬ್ಬಳು ಗಾಯಕ್ಕೆ ಉಪ್ಪು ಸವರಿದಳು. "ಏನಕ್ಕಾ, ನಿಮ್ಮವರು ಎದುರಂಗಡೀಲಿ ಮಾತ್ರೆ ತಗೋತಿದ್ದರು? ಮನೇಲಿ ಜಗಳವಾ?"

ಅಂದು ಸಂಜೆ ಅತ್ತೆ ನೇರವಾಗಿ ಕೇಳಿದರು. "ಗುರುವಾರ ಯಾರ ಮನೆಗೆ ಹೋಗ್ತೀರಿ?"

"ಹೇಳೋ ಹಾಗಿಲ್ಲ."

"ಗಂಡಸೋ ಹೆಂಗಸೋ, ಅಷ್ಟಾದ್ರೂ ಹೇಳಿ."

ಮಾವ ಕೈ ತೊಳೆಯಲು ಎದ್ದು, "ತಟ್ಟೆ ಹಾಕು, ಹಸಿವು" ಎಂದರು.

ಹೆಂಗಸೇ ಎಂದು ಅತ್ತೆಗೆ ಖಾತ್ರಿಯಾಯಿತು. ಅಂದಿನಿಂದ ಗುರುವಾರದ ಊಟಕ್ಕೆ ಉಪ್ಪು ಒಂದು ಹಿಡಿ ಜಾಸ್ತಿ. ಮಾವ ತುಟಿ ಪಿಟಕ್ಕೆನ್ನದೆ ತಿಂದು, ಎರಡು ಚೊಂಬು ನೀರು ಕುಡಿದು ಏಳುತ್ತಿದ್ದರು. "ಒಂದು ಮಾತು ಬೈದಿದ್ದರೂ ನನ್ನ ಹೊಟ್ಟೆ ತಣ್ಣಗಾಗ್ತಿತ್ತು" ಎಂದು ಅತ್ತೆ ನನಗೆ ಹೇಳಿದ್ದರು.

ಕೊನೆಗೊಂದು ಗುರುವಾರ ಅರ್ಧ ದಿನ ರಜೆ ಹಾಕಿ ಅವರು ಗಂಡನ ಹಿಂದೆಯೇ ಹೊರಟರು. ಮಾವ ಬಸ್ಸಿನ ಮುಂಬಾಗಿಲಲ್ಲಿ ಹತ್ತಿದರೆ ಇವರು ಹಿಂಬಾಗಿಲಲ್ಲಿ. ಆರನೇ ನಿಲ್ದಾಣದಲ್ಲಿ ಮಾವ ಇಳಿದು, ಕೈಚೀಲ ಹಿಡಿದು, ಸುಣ್ಣ ಕಾಣದ ಮೂರಂತಸ್ತಿನ ವಠಾರದ ಮೆಟ್ಟಿಲು ಹತ್ತಿದರು. ಎದುರಿಗೇ ಚಪ್ಪಲಿ ಅಂಗಡಿ. ಅತ್ತೆ ಅಲ್ಲಿ ಕೂತು ಒಂದಾದ ಮೇಲೊಂದು ಚಪ್ಪಲಿ ಹಾಕಿ ನೋಡುತ್ತಾ, ಕಣ್ಣನ್ನು ಮಾತ್ರ ಮೆಟ್ಟಿಲ ಮೇಲಿಟ್ಟಿದ್ದರು. ನಲವತ್ತು ನಿಮಿಷವಾಯಿತು. ಅಂಗಡಿಯವನ ತಾಳ್ಮೆ ಮುಗಿಯುವ ಹೊತ್ತಿಗೆ ಮಾವ ಇಳಿದು ಬಂದರು. ಬೀಳ್ಕೊಡಲು ಒಬ್ಬ ಹೆಂಗಸು ಮೊದಲ ಮಹಡಿಯ ಕಂಬಿ ಹಿಡಿದು ನಿಂತಿದ್ದಳು. ಏನೋ ನೆನಪಾಗಿ ಇನ್ನೂ ನಗುತ್ತಿದ್ದಳು.

ಅವಳು ಅತ್ತೆಯ ಒಡಹುಟ್ಟಿದ ಅಕ್ಕ.

ಅವರಿಬ್ಬರೂ ಮಾತು ಬಿಟ್ಟು ಹತ್ತಿರ ಹತ್ತಿರ ಇಪ್ಪತ್ತು ವರ್ಷವಾಗಿತ್ತು. ಅಕ್ಕ ನಾಲ್ಕು ವರ್ಷ ದೊಡ್ಡವಳು, ನೋಡಲು ಚೆಂದ, ಹೊಸ ಬಟ್ಟೆ ಯಾವಾಗಲೂ ಅವಳಿಗೆ, ಅವಳಿಗೆ ಬಿಗಿಯಾದದ್ದು ತಂಗಿಗೆ. ಅವಳ ಗಂಡ ಬೇರೆ ಊರಿನಲ್ಲಿ ದೊಡ್ಡ ಕಂಟ್ರಾಕ್ಟರು, ಮನೆ ಮುಂದೆ ಎರಡು ಕಾರು. ತಂಗಿಯ ಮದುವೆಯಲ್ಲಿ ಅವಳು ನಾಲ್ಕು ಜನರ ಮುಂದೆ, "ಬಾಗಿಲಿಗೆ ಬೀಗ ಹಾಕೋನನ್ನೇ ಅಳಿಯ ಮಾಡ್ಕೊಂಡ್ರು, ಇನ್ನು ಕಳ್ಳರ ಭಯವಿಲ್ಲ" ಎಂದು ನಗೆಯಾಡಿದ್ದಳು. ಅತ್ತೆ ಅದನ್ನು ಮರೆಯಲಿಲ್ಲ. ಭಾವ ತೀರಿಕೊಂಡಾಗ ಹೋಗಿ, ಹಿಂದಿನ ಸಾಲಿನಲ್ಲಿ ಒಂದು ಗಂಟೆ ಕೂತು ಎದ್ದು ಬಂದಿದ್ದರು. ಆಮೇಲೆ ಆ ದೊಡ್ಡ ಮನೆ ಕೈಬಿಟ್ಟದ್ದು, ಮಕ್ಕಳಿಲ್ಲದ ಅಕ್ಕ ಇದೇ ಊರಿನ ವಠಾರಕ್ಕೆ ಬಂದು ಸೇರಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಭಾವ ಆ ಊರಿನ ಲಾಡ್ಜಿನಲ್ಲಿದ್ದವರು. ಅಲ್ಲಿಯವರು ಇಲ್ಲಿಯ ಲಾಡ್ಜಿಗೆ ಕಾಗದ ಬರೆದಿದ್ದರು.

"ಬೇರೆ ಯಾವಳೋ ಆಗಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು" ಎಂದು ಅತ್ತೆ ಹೇಳಿದರು. "ಇವಳ ಹತ್ತಿರ ಏನು ಜಗಳ ಆಡೋದು? ಚಿಕ್ಕಂದಿನಲ್ಲಿ ಹೊಸ ಬಟ್ಟೆ ಅವಳಿಗೆ. ಈಗ ನನ್ನ ಗಂಡನ ಗುರುವಾರವೂ ಅವಳಿಗೆ." ಇನ್ನೊಂದನ್ನೂ ಒಪ್ಪಿಕೊಂಡರು. ಆ ಬಿರುಕು ಗೋಡೆ, ಆ ತುಕ್ಕು ಕಂಬಿಯ ಹಿಂದೆ ಅಕ್ಕನನ್ನು ಕಂಡಾಗ ಒಳಗೊಳಗೇ ಖುಷಿಯಾಗಿತ್ತಂತೆ. ಆ ಖುಷಿಯಲ್ಲೇ ಎಲ್ಲಕ್ಕಿಂತ ದುಬಾರಿ ಚಪ್ಪಲಿ ಕೊಂಡು, ಬಸ್ಸಿನಲ್ಲಿ ಮನೆ ಬರುವವರೆಗೂ ಅತ್ತಿದ್ದರು.

ಮುಂದಿನ ಮಂಗಳವಾರ ಒಳ್ಳೆಯ ಬಟ್ಟೆಯುಟ್ಟು, ಆ ಚಪ್ಪಲಿ ಮೆಟ್ಟಿ ಅತ್ತೆ ವಠಾರಕ್ಕೆ ಹೋದರು. ಎಲ್ಲ ಗೊತ್ತಾಗಿದೆ ಎಂದು ಅಕ್ಕನ ಮುಖಕ್ಕೇ ಹೇಳಿ ಬರಬೇಕು, ಅಷ್ಟೇ ಉದ್ದೇಶ. ತೆರೆದ ಬಾಗಿಲ ಚಿಲಕದಲ್ಲಿ ಹೊಸ ಹಿತ್ತಾಳೆ ಬೀಗ ಕೀಲಿಕೈ ಸಮೇತ ನೇತಾಡುತ್ತಿತ್ತು. ಕೀಲಿಕೈಯ ತುದಿ ಕೈಗೆ ಚುಚ್ಚದಂತೆ ಅರ ಹಾಕಿ ದುಂಡಗೆ ಮಾಡಿತ್ತು. ಹಾಗೆ ಮಾಡುವ ಬೀಗದವರು ಊರಿಗೆಲ್ಲ ಒಬ್ಬರೇ.

ಅಕ್ಕ ಒಂದು ಗಳಿಗೆ ಗುರುತು ಸಿಗದವಳಂತೆ ನೋಡಿ, "ಬಾರೇ ಒಳಗೆ" ಎಂದಳು. ಒಂದೇ ಕೋಣೆ. ಮಂಚ, ಎರಡು ಪೆಟ್ಟಿಗೆ, ಕಿಟಕಿಯ ಮೇಲೆ ನೀಲಿ ದಾರದ ಉಂಡೆ. ಮಂಡಿ ಊದಿಕೊಂಡು ಅವಳು ಗೋಡೆ ಹಿಡಿದೇ ನಡೆಯುತ್ತಿದ್ದಳು.

"ಒಲೆ ಹೊಸದು" ಎಂದರು ಅತ್ತೆ.

"ಹೊಸದೇನಲ್ಲ. ಆ ಮನೆಯಿಂದ ತಂದಿದ್ದು" ಎಂದಳು ಅಕ್ಕ. ಒಲೆಯ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ಬೀಗ ಯಾರು ಹಾಕಿದ್ದು?"

"ಯಾರೋ ಬೀಗದವನು."

ಅತ್ತೆಗೆ ಮೈಯೆಲ್ಲ ಉರಿಯಿತು. ಮಾತು ತುದಿನಾಲಿಗೆಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ, ಹೊಟ್ಟೆ ಉರಿ, ಏನೂ ಸೇರುವುದಿಲ್ಲ ಎನ್ನುತ್ತಾ ಡಬ್ಬಿ ತೆರೆದು ಮಾತ್ರೆ ಕೈಗೆ ತೆಗೆದುಕೊಂಡಳು. ಎರಡು ಬೆಳ್ಳಿ ಬಣ್ಣದ ಮಾತ್ರೆ ಹಾಳೆಗಳಿಂದ ಒಂದೊಂದು. ಅತ್ತೆಯ ಕಣ್ಣು ತಾನಾಗಿ ಹಾಳೆಗಳ ಮೇಲೆ ಹೋಯಿತು.

"ತಡಿ. ನುಂಗಬೇಡ. ಇದನ್ನ ಯಾರು ಬರೆದದ್ದು?"

"ಒಂದು ದೊಡ್ಡಾಸ್ಪತ್ರೇಲಿ ಬರೆದಿದ್ದು. ಇನ್ನೊಂದು ಈ ಬೀದಿ ಡಾಕ್ಟರು."

"ಎಷ್ಟು ದಿನದಿಂದ?"

"ಮೂರು ತಿಂಗಳಾಯ್ತು."

ಹೆಸರು ಬೇರೆಯಾದರೂ ಎರಡೂ ಒಂದೇ ನೋವಿನ ಮಾತ್ರೆ. ಮೂರು ತಿಂಗಳಿಂದ ಅವಳು ದುಪ್ಪಟ್ಟು ನುಂಗುತ್ತಿದ್ದಳು. ಹೊಟ್ಟೆ ಉರಿಯದೆ ಇನ್ನೇನಾಗಬೇಕು? ಪಾದಗಳೂ ಊದಿದ್ದವು. ಗುಟ್ಟು ಕಾಯಬೇಕೆಂದು ಮಾವ ಎರಡನ್ನೂ ಎದುರಂಗಡಿಯಲ್ಲಿ ಕೊಂಡಿದ್ದರು. ನನ್ನ ಕೌಂಟರಿಗೆ ಬಂದಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದೆ ಎಂದು ಅತ್ತೆಗೆ ಹೊಳೆಯಿತು.

"ಯಾರು ತಂದುಕೊಡ್ತಾರೆ?" ಎಂದು ಮೆಲ್ಲಗೆ ಕೇಳಿದರು.

ಅಕ್ಕ ಮುಖ ತಿರುಗಿಸಿ, "ಪಕ್ಕದ ಮನೆಯೋರು" ಎಂದಳು. ಅವಳ ಕುತ್ತಿಗೆ ಕೆಂಪಾದದ್ದನ್ನು ಅತ್ತೆ ನೋಡಿದರು. ಇಷ್ಟು ವರ್ಷದಲ್ಲಿ ಅಕ್ಕ ತಮ್ಮೆದುರು ನಾಚಿದ್ದನ್ನು ಅವರು ಕಂಡಿರಲೇ ಇಲ್ಲ. ಕಾದು ಕೂತಿದ್ದ ಗಳಿಗೆಯೇ ಬಂದಿತ್ತು, ಆದರೆ ಆಡಬೇಕೆಂದು ಬಂದ ಮಾತನ್ನು ಅವರು ಆಡಲಿಲ್ಲ. "ಪಕ್ಕದ ಮನೆಯೋರಿಗೆ ಹೇಳು, ಇವೆರಡೂ ಒಂದೇ ಅಂತ" ಎಂದು ಒಂದು ಹಾಳೆಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ನಾಳೆ ನನ್ನ ಜೊತೆ ದೊಡ್ಡಾಸ್ಪತ್ರೆಗೆ ಬರ್ತೀಯ. ಬರಲ್ಲ ಅನ್ನಬೇಡ."

ಸಂಜೆ ಊಟದ ತಟ್ಟೆಯ ಪಕ್ಕ ಆ ಹಾಳೆಯನ್ನು ಇಟ್ಟರು. "ನಮ್ಮ ಗಿರಾಕಿ ಒಬ್ಬಳು ಇದನ್ನ, ಇದರದೇ ಇನ್ನೊಂದನ್ನ, ಎರಡೂ ಸೇರಿಸಿ ನುಂಗ್ತಿದ್ದಳು. ಯಾರೋ ದಯವಂತರು ತಿಳಿಯದೆ ತಂದುಕೊಟ್ಟಿದ್ದಾರೆ. ನಿಮ್ಮ ಲಾಡ್ಜಿನೋರೂ ಹೀಗೆ ಮಾಡಿಯಾರು. ಔಷಧಿ ಬೇಕಾದ್ರೆ ಚೀಟಿ ನನ್ನ ಹತ್ತಿರ ಕಳಿಸಿ. ಹೆಸರು ಕತ್ತರಿಸಿ ಕಳಿಸಿ, ನಾನು ಕೇಳಲ್ಲ."

ಮಾವ ಹಾಳೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಕೊನೆಗೆ "ಹೂಂ" ಎಂದರು.

ಅಂದಿನಿಂದ ಹೆಸರಿನ ಜಾಗದಲ್ಲಿ ಚೌಕವಾಗಿ ಕತ್ತರಿಸಿದ ಚೀಟಿಗಳು ಅತ್ತೆಯ ಕೌಂಟರಿಗೆ ಬರತೊಡಗಿದವು. ಒಂಬತ್ತು ಮನೆಯವು. ಎಂಟು ಮನೆಗಳವರ ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ಒಂದೆರಡು ಸಲ ಡೋಸು ತಪ್ಪಾಗಿದ್ದನ್ನು ಅವರೇ ಡಾಕ್ಟರಿಗೆ ಫೋನ್ ಮಾಡಿ ಸರಿಪಡಿಸಿದರು. ಹಲ್ಲಿನ ಡಾಕ್ಟರು ಒಮ್ಮೆ ಅಂಗಡಿಗೆ ಬಂದು, ಏನನ್ನೂ ಕೊಳ್ಳದೆ, ಕೈಮುಗಿದು ಹೋದರಂತೆ.

ಅಕ್ಕತಂಗಿಯರು ಮಂಗಳವಾರ ಮಂಗಳವಾರ ಸೇರುವುದು ರೂಢಿಯಾಯಿತು. ಅಕ್ಕನ ಹೊಟ್ಟೆ ಉರಿ ನಿಂತಿತು. ಅತ್ತೆಯದು ನಿಲ್ಲಲಿಲ್ಲ. ಗುರುವಾರ ನಾಲ್ಕಾದರೆ ಅವರು ಎಣಿಸುತ್ತಿದ್ದ ಮಾತ್ರೆ ಬಿಟ್ಟು ಗಡಿಯಾರ ನೋಡುತ್ತಿದ್ದರು. ಊಟಕ್ಕೆ ಉಪ್ಪು ಮಾತ್ರ ಹದವಾಯಿತು.

ನಾನು ಸೊಸೆಯಾಗಿ ಬಂದ ಆರನೇ ವರ್ಷ ಮಾವ ತೀರಿಕೊಂಡರು. ಲಾಡ್ಜಿನವರೆಲ್ಲ ಬಂದು ಸಾಲಾಗಿ ನಿಂತು ಹೋದರು. ಎಲ್ಲರೂ ಹೋದ ಮೇಲೆ ಆ ಅಕ್ಕ, ನನಗೆ ದೊಡ್ಡತ್ತೆ, ಅತ್ತೆಯ ಪಕ್ಕ ಕೂತು, "ನಿನಗೊಂದು ಹೇಳಬೇಕು ಕಣೇ. ಗುರುವಾರ ಅವರು ನನ್ನ ಮನೆಗೆ ಬರ್ತಿದ್ದರು. ಲಾಡ್ಜಿಂದ. ನಿನಗೆ ಗೊತ್ತಿತ್ತಾ?" ಎಂದು ಕೇಳಿದರು.

"ಇಲ್ಲ" ಎಂದರು ಅತ್ತೆ. ಕಣ್ಣು ಮಿಟುಕಿಸಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ.

ಆಮೇಲೆ ಅತ್ತೆಯೇ ಕೇಳಿದರು. "ಬಂದು ಏನು ಮಾತಾಡ್ತಿದ್ದರು?"

"ಏನೇನೋ. ಅಂಗಡಿಗೆ ಬಂದೋರ ಕಥೆ. ಒಬ್ಬ ತನ್ನ ಮನೆಗೆ ತಾನೇ ಕಳ್ಳನ ಹಾಗೆ ನುಗ್ಗಿದ್ದು, ಒಬ್ಬಳು ಕೀಲಿಕೈ ಸೊಂಟದಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದು. ನಕ್ಕು ನಕ್ಕು ನನಗೆ ಪಕ್ಕೆ ನೋಯ್ತಿತ್ತು."

ದೊಡ್ಡತ್ತೆಯನ್ನು ಬಸ್ಸಿಗೆ ಹತ್ತಿಸಿ ನಾನು ವಾಪಸು ಬಂದಾಗ ಅತ್ತೆ ಕೂತಲ್ಲೇ ಕೂತಿದ್ದರು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದು. ನಾನ್ಯಾಕೆ ಹಾಳು ಮಾಡಲಿ?" ಎಂದರು. ಆಮೇಲೆ ಇನ್ನೊಂದು ಮಾತು ಆಡಿದರು. ಅದು ದುಃಖವೋ ಸಿಟ್ಟೋ ನನಗೆ ಇಂದಿಗೂ ಹೇಳಲಾಗದು.

"ಪಕ್ಕೆ ನೋಯೋ ಹಾಗೆ ನಗಿಸ್ತಿದ್ದರಂತೆ, ಕೇಳಿದೆಯಾ? ಮೂವತ್ತೊಂದು ವರ್ಷ ಸಂಸಾರ ಮಾಡಿದೆ. ನನಗೆ ಒಂದೇ ಒಂದು ಕಥೆ ಹೇಳಲಿಲ್ಲ ನಿನ್ನ ಮಾವ."