ಬಸಲಿಂಗಯ್ಯನ ಬಲಗೈ

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ನಾನು ಹೇಳುತ್ತೇನೆ, ಬಸಲಿಂಗಯ್ಯ. ತಮ್ಮ ಬಗ್ಗೆ ಒಂದು ಮಾತೂ ಆಡದ ಮನುಷ್ಯನ ಹೆಸರನ್ನು ಯಾರಾದರೂ ಹೇಳಬೇಕಲ್ಲ! ಓದಿದ್ದು ಡಿಪ್ಲೊಮಾ. ಧಾರವಾಡದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಬೆಸುಗೆ ಹಾಕುವ ರೋಬೋಟ್‌ಗಳ ಪಕ್ಕದಲ್ಲೇ ನಿಂತು, ಇಲ್ಲಿ ಬಾಗು, ಅಲ್ಲಿ ತಿರುಗು ಎಂದು ಒಂದೊಂದೇ ಚಲನೆ ಕಲಿಸಿದವರು. ಈಗ ಜರ್ಮನಿಯ ಸಿಂಡೆಲ್‌ಫಿಂಗೆನ್‌ನ ಸಣ್ಣ ಕಂಪನಿಯೊಂದರಲ್ಲಿ ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಸಿಮ್ಯುಲೇಶನ್ ಅಂತೆ. ಕಾರ್ಖಾನೆಗೆ ರೋಬೋಟ್ ಬರುವ ಮೊದಲೇ ಪರದೆಯ ಮೇಲೆ ಅದನ್ನು ಆಡಿಸಿ ನೋಡುವುದು. ಎಲ್ಲೂ ತಾಗದಿದ್ದರೆ ಹಸಿರು, ತಾಗಿದರೆ ಕೆಂಪು.

ಕೆಲಸಕ್ಕೆ ಸೇರಿ ಐದೂವರೆ ತಿಂಗಳಾಗಿತ್ತು. ಆರು ತಿಂಗಳ ಪ್ರೋಬೆತ್ಸೈಟ್, ಅಂದರೆ ಪರೀಕ್ಷೆಯ ಅವಧಿ, ಮುಗಿಯುವವರೆಗೆ ಯಾವುದೂ ಕಾಯಂ ಅಲ್ಲ, ಬೇಡವೆಂದರೆ ಎರಡು ವಾರದಲ್ಲಿ ಕಳಿಸಿಬಿಡಬಹುದು. ನನ್ನ ಜೀವ ಆ ತಾರೀಖಿಗೇ ನೇತುಬಿದ್ದಿತ್ತು. ಅವರ ಪ್ರೋಗ್ರಾಂ ಪೂರ್ತಿ ಹಸಿರಾಗಿ, ಟೀಮ್ ಲೀಡ್ ಫ್ರೌ ಫೋಗೆಲ್ ಹೊಗಳಿಯೂ ಆಗಿತ್ತು. ಮಂಗಳವಾರ ಅದನ್ನು ನಿಜವಾದ ರೋಬೋಟ್‌ಗೆ ಹಾಕುವುದಿತ್ತು.

ಭಾನುವಾರ ಬೆಳಿಗ್ಗೆ ಬಾಲ್ಕನಿಗೆ ಹೋಗಿ ನೋಡುತ್ತೇನೆ, ಈ ಮನುಷ್ಯ ಗಿಡಕ್ಕೆ ನೀರು ಬಿಡುವ ಪೈಪನ್ನು ಬಲಗೈಗೆ ಭುಜದಿಂದ ಮುಂಗೈವರೆಗೆ ಕಟ್ಟಿಕೊಂಡು, ಕೈ ಎತ್ತಿ, ಬಾಗಿಸಿ, ತಿರುಗಿಸುತ್ತಿದ್ದಾರೆ! ಎದುರು ಬಾಲ್ಕನಿಯ ಮುದುಕಿ ಕಾಫಿ ಕುಡಿಯುವುದನ್ನು ಬಿಟ್ಟು ನೋಡುತ್ತಿದ್ದಳು.

"ರೀ, ತಲಿ ನೆಟ್ಟಗೈತಿಲ್ಲೋ?" ಎಂದೆ.

"ಸುಮ್ನಿರು ನೇತ್ರಾ. ಕಂಪ್ಯೂಟರ್‌ನ್ಯಾಗ ರೋಬೋಟಿನ ಕೈ ಅಷ್ಟ ಕಾಣ್ತೈತಿ, ಅದರ ಮ್ಯಾಲೆ ಕಟ್ಟಿದ ವೈರಿನ ಪೈಪು ಕಾಣೂದಿಲ್ಲ. ನೋಡಿಲ್ಲಿ, ಆರನೇ ಬೆಸುಗಿಗೆ ತಿರುಗಿದ್ರ ಹೆಂಗ ಬಿಗೀತೈತಿ. ನಾಕ್ ದಿನದಾಗ ಹರೀತೈತಿ."

"ಹಂಗಾರ ಆ ಮೇಡಮ್‌ಗೆ ಹೇಳ್ರಿ."

"ಹೆಂಗ ಹೇಳ್ಲಿ? ನಾನ ಮಾಡಿದ್ದನ್ನ ನಾನ ತಪ್ಪು ಅನ್ನಲೇನು, ಹದಿನೈದು ದಿನ ಉಳದಾಗ? ಕೈಗೆ ಪೈಪು ಕಟ್ಕೊಂಡು ನೋಡೀನಿ ಅಂದ್ರ ನಗ್ತಾರ."

ನನಗೆ ಮೈಯೆಲ್ಲ ಉರಿದುಹೋಯಿತು. "ಹರದ ಮ್ಯಾಲೆ ಹೇಳ್ತೀರೇನು? ಹೇಳಿದ್ರೂ ಕೆಲಸ ಹೋಗತೈತಿ, ಬಿಟ್ರೂ ಹೋಗತೈತಿ. ಹೇಳೇ ಹೋಗ್ಲಿ!" ಎಂದುಬಿಟ್ಟೆ. ಬಾಯಿ ದೊಡ್ಡದು ಮಾಡಿ ಒಳಗೆ ಬಂದವಳು ಮನೆಬಾಡಿಗೆಯ ಲೆಕ್ಕ ಹಾಕತೊಡಗಿದೆ. ಆದರೂ ಸೋಮವಾರ ಆ ಪೈಪನ್ನು ಸುತ್ತಿ ಅವರ ಚೀಲಕ್ಕೆ ನಾನೇ ಹಾಕಿದೆ.

ಮೀಟಿಂಗಿನಲ್ಲಿ ಎಂಟು ಜನರಿದ್ದರಂತೆ. ಇವರು ಪೈಪು ಕಟ್ಟಿಕೊಂಡು ಕೈ ತಿರುಗಿಸಿ ತೋರಿಸಿದಾಗ ಒಬ್ಬ ಹುಡುಗ ಕಿಸಕ್ಕನೆ ನಕ್ಕನಂತೆ. ಫ್ರೌ ಫೋಗೆಲ್ ನಗಲಿಲ್ಲ. ಎದ್ದು ಬಂದು, ಪೈಪನ್ನು ತನ್ನ ಕೈಗೆ ಕಟ್ಟಿಸಿಕೊಂಡು, ಇವರು ಹೇಳಿದ ಹಾಗೇ ತಿರುಗಿಸಿದಳು. ಆರನೇ ಬೆಸುಗೆಗೆ ಅವಳ ಕೈಯೂ ಬಿಗಿದು ನಿಂತಿತು. ಮಂಗಳವಾರದ ಪರೀಕ್ಷೆ ಗುರುವಾರಕ್ಕೆ ಹೋಯಿತು. ಅಷ್ಟರಲ್ಲಿ ಇವರು ಮುಂಗೈ ಇನ್ನೊಂದು ದಿಕ್ಕಿಗೆ ತಿರುಗುವಂತೆ ಪ್ರೋಗ್ರಾಂ ಬದಲಿಸಿದರು.

ಗುರುವಾರ ಮಧ್ಯಾಹ್ನ ಫೋನ್ ಬಂತು. "ರೋಬೋಟ್ ಒಂದ್ಸಲಾನೂ ನಿಲ್ಲಲಿಲ್ಲ ನೇತ್ರಾ. ಆರು ತಿಂಗಳು ಮುಗಿಯೂ ಮೊದಲ ಕಾಗದಾನೂ ಕೊಟ್ರು. ಕಾಯಂ ಆತು."

ಅಬ್ಬಾ! ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಟ್ಟೆ. ಇಷ್ಟು ತಿಂಗಳಿಂದ ಎದೆಯ ಮೇಲಿದ್ದ ಬೀಸುಕಲ್ಲನ್ನು ಯಾರೋ ಇಳಿಸಿದಂತಾಯಿತು. ಅಳುತ್ತ ನಗುತ್ತ ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದೆ.

ಸಂಜೆ ಊಟಕ್ಕೆ ಕುಳಿತಾಗ ಅವರೇ ಬಾಯಿಬಿಟ್ಟರು. "ಇಷ್ಟ ಗೊತ್ತಿದ್ದವ ಇಷ್ಟು ದಿನ ಯಾಕ ಹೇಳ್ಲಿಲ್ಲ ಅಂತ ಮೇಡಮ್ ಕೇಳಿದ್ಲು."

"ನೀವೇನಂದ್ರಿ?"

"ಮಷಿನ್ ಬಾಜೂಕ ನಿಂತು ದುಡದವ ಅಂತ ಹೇಳ್ಕೊಳ್ಳಾಕ ನಾಚಿಕಿ ಬರ್ತಿತ್ತು ಅಂದೆ."

ರೊಟ್ಟಿ ಬಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಆ ನಾಚಿಕೆ ಹಚ್ಚಿದವಳು ನಾನೇ. ಇಲ್ಲಿಯ ಕನ್ನಡದವರ ಮನೆಗೆ ಹೋದಾಗಲೆಲ್ಲ, "ಎಂಜಿನಿಯರ್ ಅಂತ ಅಷ್ಟ ಹೇಳ್ರಿ, ಧಾರವಾಡದ ಸುದ್ದಿ ತಗೀಬ್ಯಾಡ್ರಿ" ಎಂದು ಮೆಟ್ಟಿಲ ಮೇಲೆಯೇ ಅವರ ಬಾಯಿ ಮುಚ್ಚಿಸುತ್ತಿದ್ದೆ.

"ತಪ್ಪಾತ್ರಿ" ಎಂದೆ. ಅವರಿಗೆ ಆ ಮಾತು ಕೇಳಿ ಅಭ್ಯಾಸವಿಲ್ಲ. ಗಾಬರಿಯಿಂದ ನನ್ನ ಮುಖ ನೋಡಿದರು.